ತವರಿನಿಂದ ಬಂದ ಪಟ್ಟದ ಗೊಂಬೆ

ನವರಾತ್ರಿಯ ಪಾಡ್ಯ ಬಂತೆಂದರೆ ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಮರದ ಗೊಂಬೆಗಳು ಮೊದಲು ಹೊರಬರುತ್ತವೆ. ಒಂದು ಗಂಡು, ಒಂದು ಹೆಣ್ಣು. ಮನೆಯ ಹೆಂಗಸರು ಧೂಳೊರೆಸಿ ಒಂದಕ್ಕೆ ಪಂಚೆ, ಪೇಟ, ಇನ್ನೊಂದಕ್ಕೆ ರೇಷ್ಮೆಯ ತುಂಡಿನ ಸೀರೆ ಉಡಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಕಲಶದ ಜೊತೆಗೆ ಈ ಜೋಡಿ ಕುಳಿತ ಮೇಲೆಯೇ ಉಳಿದ ಗೊಂಬೆಗಳಿಗೆ ಜಾಗ. ಇವೇ ಪಟ್ಟದ ಗೊಂಬೆಗಳು. ಪಟ್ಟದರಸಿ, ಪಟ್ಟದಾನೆ ಎನ್ನುವಲ್ಲಿರುವ ‘ಪಟ್ಟ’ವೇ ಇಲ್ಲಿಯೂ ಇದೆ. ಅವರು ರಾಜ, ರಾಣಿ.

ಮೂರು, ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯ ಮೆಟ್ಟಿಲುಗಳಲ್ಲಿ ದಶಾವತಾರ, ಜಂಬೂ ಸವಾರಿ, ಅಕ್ಕಿ ಬೇಳೆಯ ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿ ಎಲ್ಲರೂ ಬರುತ್ತಾರೆ. ಸಂಜೆ ಓಣಿಯ ಮಕ್ಕಳು ಮನೆಮನೆಗೆ ಹೋಗಿ ‘ಗೊಂಬೆ ಬಾಗಿನ’ ಬೇಡುತ್ತಾರೆ. ಮೈಸೂರು ಅರಮನೆಯಲ್ಲಿಯೂ ಗೊಂಬೆಗಳಿಗೆಂದೇ ಗೊಂಬೆ ತೊಟ್ಟಿ ಇದೆ. ಇಷ್ಟೆಲ್ಲ ಗೊಂಬೆಗಳನ್ನು ಸಂತೆಯಲ್ಲಿ ಕೊಳ್ಳಬಹುದು. ಆದರೆ ಪಟ್ಟದ ಗೊಂಬೆ ಬರುವ ದಾರಿ ಬೇರೆ. ಸಂಪ್ರದಾಯದ ಪ್ರಕಾರ ಅದು ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ವಸ್ತು.

ಹಾಗಾದರೆ ಇದು ದೇವರೋ, ಆಟಿಕೆಯೋ? ಎರಡೂ ಪೂರ್ತಿ ನಿಜವಲ್ಲ. ಹಬ್ಬದಲ್ಲಿ ಆರತಿ ಎತ್ತುತ್ತಾರೆ, ಹಬ್ಬ ಮುಗಿದ ಮೇಲೆ ಟ್ರಂಕಿಗೆ ಹಾಕಿ ಮುಚ್ಚುತ್ತಾರೆ. ಇಂಥದೇ ಪ್ರಶ್ನೆಯನ್ನು ಎಬ್ಬಿಸುವ ಗೊಂಬೆಗಳು ಬಹುದೂರದ ಇನ್ನೊಂದು ಜನಾಂಗದಲ್ಲಿಯೂ ಇವೆ. ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಗೊಂಬೆಯ ಅರ್ಥ ಸ್ಪಷ್ಟವಾಗುತ್ತದೆ.

ಅಮೆರಿಕದ ಅರಿಜೋನಾ ರಾಜ್ಯದ ಒಣ ಬೆಟ್ಟಗಳ ಮೇಲೆ ಹೋಪಿ ಎಂಬ ಮೂಲನಿವಾಸಿಗಳಿದ್ದಾರೆ. ಮೆಕ್ಕೆಜೋಳ ಬೆಳೆದು ಬದುಕುವ, ಮಳೆಗಾಗಿ ಮುಗಿಲು ನೋಡುವ ಜನ. ಮಳೆ ತರುವ, ಬೆಳೆ ಕಾಯುವ ಚೇತನಗಳನ್ನು ಅವರು ಕಟ್ಸಿನಾ ಎನ್ನುತ್ತಾರೆ. ಚಳಿಗಾಲದಿಂದ ಜುಲೈವರೆಗೆ ಈ ಚೇತನಗಳು ಊರಿನಲ್ಲಿರುತ್ತವೆ ಎಂಬುದು ನಂಬಿಕೆ. ನಮ್ಮ ಭೂತದ ಕೋಲದಲ್ಲಿ ದೈವ ಮೈದುಂಬುವಂತೆ ಅಲ್ಲಿ ಮುಖವಾಡ ತೊಟ್ಟ ಗಂಡಸರು ಕಟ್ಸಿನಾಗಳಾಗಿ ಕುಣಿಯುತ್ತಾರೆ. ಗಂಡಸರೇ ಕಾಟನ್‌ವುಡ್ ಮರದ ಹಗುರವಾದ ಬೇರನ್ನು ಕೆತ್ತಿ, ಬಣ್ಣ ಹಚ್ಚಿ ಈ ಚೇತನಗಳ ಗೊಂಬೆ ಮಾಡುತ್ತಾರೆ. ಫೆಬ್ರವರಿಯ ಬೀನ್ಸ್ ಹಬ್ಬದಲ್ಲಿಯೂ ಜುಲೈನ ಬೀಳ್ಕೊಡುಗೆಯಲ್ಲಿಯೂ ಕಟ್ಸಿನಾಗಳೇ ಅವನ್ನು ಹೆಣ್ಣುಮಕ್ಕಳ ಕೈಗಿಡುತ್ತಾರೆ. ಹಸುಗೂಸಿಗೆ ಸಿಗುವುದು ಚಪ್ಪಟೆಯ ಸರಳ ಗೊಂಬೆ. ವಯಸ್ಸಿಗೆ ತಕ್ಕಂತೆ ಗೊಂಬೆಯೂ ಬೆಳೆಯುತ್ತದೆ. ಹುಡುಗಿ ಅವನ್ನು ಗೋಡೆಗೆ ತೂಗುಹಾಕುತ್ತಾಳೆ, ದಿನವೂ ನೋಡಿ ಒಂದೊಂದು ಚೇತನವನ್ನೂ ಗುರುತಿಸಲು ಕಲಿಯುತ್ತಾಳೆ. ಅದು ದೇವರಲ್ಲ, ಬರಿಯ ಆಟಿಕೆಯೂ ಅಲ್ಲ. ಮಗುವಿನ ಕೈಗಿತ್ತ ಪಾಠ.

ನಮ್ಮ ಪಟ್ಟದ ಗೊಂಬೆಯೂ ಪಾಠವೇ. ಆದರೆ ಪಾಠ ಬೇರೆ. ಹೋಪಿ ಹುಡುಗಿಯ ಗೊಂಬೆ ಮಳೆ, ಬೆಳೆಯ ಚೇತನಗಳನ್ನು ಪರಿಚಯಿಸಿದರೆ, ನಮ್ಮ ಹುಡುಗಿಯ ಗೊಂಬೆ ಗಂಡ, ಹೆಂಡತಿ, ಸಂಸಾರವನ್ನು ಪರಿಚಯಿಸಿತು. ಇದರ ಹಿಂದೆ ಅಷ್ಟೇನೂ ಹಿತವಲ್ಲದ ಚರಿತ್ರೆಯೊಂದಿದೆ. ಒಂದು ಕಾಲಕ್ಕೆ ಗೊಂಬೆ ಹಿಡಿದು ಹೊರಟ ಮದುಮಗಳು ಎಷ್ಟೋ ಸಲ ಗೊಂಬೆಯಾಡುವ ವಯಸ್ಸಿನವಳೇ ಆಗಿರುತ್ತಿದ್ದಳು.

ಆ ವಯಸ್ಸು ಎಷ್ಟೆಂಬುದನ್ನು ಕಾನೂನುಗಳೇ ಹೇಳುತ್ತವೆ. 1894ರಲ್ಲಿ ಮೈಸೂರು ಸಂಸ್ಥಾನ ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯ ಮದುವೆಯನ್ನು ನಿಷೇಧಿಸಿತು. ಎಂಟಕ್ಕೆ ಗೆರೆ ಎಳೆಯಬೇಕಾಯಿತೆಂದರೆ ಅದಕ್ಕೂ ಮೊದಲು ತಾಳಿ ಬೀಳುತ್ತಿತ್ತು ಎಂದೇ ಅರ್ಥ. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿ 1930ರಲ್ಲಿ ಜಾರಿಗೆ ಬಂದಿತು.

ಕುಂತೂರಿನ ಸುತ್ತಿನ ಸೀಮೆಯಲ್ಲಿ ಈ ಎರಡು ಕಾನೂನುಗಳು ಅಕ್ಕಪಕ್ಕದಲ್ಲಿಯೇ ಇದ್ದವು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ, ಮೈಸೂರು ಸಂಸ್ಥಾನದ ಊರು. ಕೂಗಳತೆಯ ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿನ ಕಾನೂನು ಯಳಂದೂರಿನ ಮಗುವನ್ನು ಕಾಯಿತು, ಕೊಳ್ಳೇಗಾಲದ ಮಗುವನ್ನಲ್ಲ. ಶಾರದಾ ಕಾಯ್ದೆ ಕೊಳ್ಳೇಗಾಲಕ್ಕೆ ಬಂದಿತು, ಯಳಂದೂರಿಗಲ್ಲ. ಗೊಂಬೆಗೆ ಮಾತ್ರ ಈ ಗಡಿ ಇರಲಿಲ್ಲ. ಇತ್ತ ಪಟ್ಟದ ಗೊಂಬೆ, ತಮಿಳರಲ್ಲಿ ಮರಪಾಚ್ಚಿ. ಹೆಸರು ಬೇರೆಯಾದರೂ ಜೋಡಿ ಅದೇ.

ಇದೇ ಗೊಂಬೆಗೆ ಇನ್ನೊಂದು ಮುಖವೂ ಇದೆ. ಹೋಪಿಗಳಲ್ಲಿ ಮನೆ, ಹೊಲ ತಾಯಿಯಿಂದ ಮಗಳಿಗೆ ಬರುತ್ತವೆ. ನಮ್ಮಲ್ಲಿ ಹೊಲ ಗದ್ದೆ ಗಂಡುಮಕ್ಕಳ ಪಾಲು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಲ್ಲಿ 2005ರ ತಿದ್ದುಪಡಿಯಿಂದ ಬಂದದ್ದು. ಅದಕ್ಕೂ ಹಿಂದಿನ ತಲೆಮಾರುಗಳಲ್ಲಿ ಗಂಡನ ಮನೆಯಲ್ಲಿ ‘ಇದು ನಮ್ಮಮ್ಮ ಕೊಟ್ಟದ್ದು’ ಎಂದು ಹೆಣ್ಣು ಹೇಳಿಕೊಳ್ಳಬಹುದಾಗಿದ್ದ ವಸ್ತುಗಳು ಕಡಿಮೆ. ಒಡವೆ ಕಷ್ಟಕಾಲದಲ್ಲಿ ಗಿರವಿಗೆ ಹೋಗುತ್ತಿತ್ತು. ಗೊಂಬೆಯನ್ನು ಯಾರೂ ಗಿರವಿಗೆ ಕೇಳುತ್ತಿರಲಿಲ್ಲ.

ಈಗ ಕೇಳುವವರಿದ್ದಾರೆ. ಹಳೆಯ ಗೊಂಬೆಗಳಿಗೆ ಬಳಸುತ್ತಿದ್ದದ್ದು ರಕ್ತಚಂದನ. ಮುಖ್ಯವಾಗಿ ಆಂಧ್ರದ ದಕ್ಷಿಣ ಭಾಗದ ಬೆಟ್ಟಗಳಲ್ಲಿ ಸಹಜವಾಗಿ ಬೆಳೆಯುವ ಈ ಮರ ಕಳ್ಳಸಾಗಣೆಗೆ ಸಿಕ್ಕಿ ವಿರಳವಾಗಿದೆ. 1995ರಿಂದ ಅದರ ವಿದೇಶಿ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವಿದೆ. ಬೇರೆ ಮರಕ್ಕೆ ಕೆಂಬಣ್ಣ ಹಚ್ಚಿದ ಜೋಡಿಗಳು ಅಂಗಡಿಯಲ್ಲಿವೆ, ಹಳೆಯವು ಪುರಾತನ ವಸ್ತುಗಳ ಬೆಲೆಗೆ ಮಾರಾಟವಾಗುತ್ತವೆ. ಹೋಪಿಗಳ ಪಾಡು ಇದಕ್ಕಿಂತ ಕಠಿಣ. ಗೊಂಬೆ ಮಾರಿ ಬದುಕುವ ಕುಶಲಕರ್ಮಿಗಳು ಅವರಲ್ಲಿಯೂ ಇದ್ದಾರೆ. ಆದರೆ 2013ರಲ್ಲಿ ಅವರ ಪವಿತ್ರ ಮುಖವಾಡಗಳು, ಬೇಡವೆಂದು ಅವರು ಬೇಡಿಕೊಂಡರೂ, ಪ್ಯಾರಿಸ್ಸಿನಲ್ಲಿ ಹರಾಜಾದವು. ಆ ವರ್ಷದ ಕೊನೆಗೆ ನಡೆದ ಇನ್ನೊಂದು ಹರಾಜಿನಲ್ಲಿ ಅಮೆರಿಕದ ಒಂದು ದತ್ತಿ ಸಂಸ್ಥೆ ಕೆಲವನ್ನು ಕೊಂಡು ಮರಳಿಸಲು ಮುಂದಾಯಿತು.

ಇಂದು ಹದಿನೆಂಟರ ಒಳಗಿನ ಮದುವೆ ಅಪರಾಧ. ಬಾಲವಧುವಿಗೆ ಕಲಿಸಿದ ಆ ಪಾಠ ಗೊಂಬೆಯಿಂದ ಕಳಚಿಬಿದ್ದರೆ ಯಾರಿಗೂ ನಷ್ಟವಿಲ್ಲ. ಉಳಿಯಬೇಕಾದದ್ದು ಇನ್ನೊಂದು ನೆನಪು. ಮುಂದಿನ ಪಾಡ್ಯದಂದು ಟ್ರಂಕು ತೆಗೆದಾಗ ಮೊಮ್ಮಗಳು ‘ಇದು ಯಾರದಜ್ಜಿ?’ ಎಂದು ಕೇಳಬಹುದು. ಗೊಂಬೆಯ ಜೊತೆಗೆ ಅದನ್ನು ಹಿಡಿದು ಈ ಮನೆಗೆ ಬಂದವಳ ಹೆಸರು, ಅವಳ ಊರು, ಬಂದಾಗ ಅವಳಿಗಿದ್ದ ವಯಸ್ಸು ಇಷ್ಟನ್ನೂ ಹೇಳಿದರೆ ಮನೆಯ ಚರಿತ್ರೆಯನ್ನೇ ಅವಳ ಕೈಗಿತ್ತಂತೆ.