ದ್ಯುತಿ ವೇಗವರ್ಧನೆಯಿಂದ ಕ್ರೋಮಿಯಂ ನಿವಾರಣೆ

ಬೆಳಕು ಬಿದ್ದಾಗ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತು ದ್ಯುತಿ ವೇಗವರ್ಧಕ. ಗೋಡೆಯ ಬಿಳಿ ಬಣ್ಣಕ್ಕೆ ಬೆರೆಸುವ ಟೈಟಾನಿಯಂ ಡೈಆಕ್ಸೈಡ್ ಇವುಗಳಲ್ಲಿ ಮುಖ್ಯವಾದುದು. ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ಅದರ ನೆರವಿನಿಂದ ಬೆಳಕಿನಲ್ಲಿ ನೀರನ್ನು ವಿಭಜಿಸಿದ ವಿವರವನ್ನು 1972ರಲ್ಲಿ ಪ್ರಕಟಿಸಿದ ಮೇಲೆ, ಕೊಳೆನೀರಿನ ಶುದ್ಧೀಕರಣದತ್ತಲೂ ಸಂಶೋಧಕರ ಗಮನ ಹರಿಯಿತು. ಸಾವಯವ ಕೊಳೆಯನ್ನು ಈ ವಿಧಾನ ಒಡೆದುಹಾಕಬಲ್ಲದು. ಲೋಹವಾದರೋ ಮೂಲಧಾತು; ಯಾವ ಬೆಳಕೂ ಅದನ್ನು ಇಲ್ಲವಾಗಿಸದು. ಆದ್ದರಿಂದ ರೂಪ ಬದಲಾದರೆ ವಿಷ ತಗ್ಗುವ, ಇಲ್ಲವೇ ನೀರಿನಿಂದ ಬೇರ್ಪಡಿಸಲು ಸುಲಭವಾಗುವ ಲೋಹಗಳಿಗಷ್ಟೇ ಇದು ಸಲ್ಲುತ್ತದೆ.

ಕ್ರೋಮಿಯಂ ಅಂಥ ಲೋಹ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಪತ್ತೆಯಾಗಿರುವ ಅದರ ಒಂದು ರೂಪ, ಕ್ರೋಮಿಯಂ-6, ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯದಲ್ಲಿ ಸಾಮಾನ್ಯ. ಅದು ಕ್ಯಾನ್ಸರ್‌ಕಾರಕ, ನೀರಿನಲ್ಲಿ ಕರಗಿ ದೂರಕ್ಕೆ ಹರಿಯುತ್ತದೆ. ಇನ್ನೊಂದು ರೂಪವಾದ ಕ್ರೋಮಿಯಂ-3ರ ವಿಷ ಅದಕ್ಕಿಂತ ಬಹಳ ಕಡಿಮೆ. 387 ನ್ಯಾನೋಮೀಟರಿಗಿಂತ ಕಿರಿದಾದ ತರಂಗಾಂತರದ ಅತಿನೇರಳೆ ಬೆಳಕು ತಾಗಿದಾಗ ಟೈಟಾನಿಯಂ ಡೈಆಕ್ಸೈಡಿನಲ್ಲಿ ಎಲೆಕ್ಟ್ರಾನ್ ಸಿಡಿದೆದ್ದು, ಅದರ ಜಾಗದಲ್ಲಿ ಧನಾವೇಶದ ತೆರವು ಉಳಿಯುತ್ತದೆ. ಎಲೆಕ್ಟ್ರಾನುಗಳು ಕ್ರೋಮಿಯಂ-6ನ್ನು ಕ್ರೋಮಿಯಂ-3ಕ್ಕೆ ಇಳಿಸುತ್ತವೆ. ಆಮ್ಲೀಯ ನೀರಿನಲ್ಲಿ ಕೆಲಸ ಬೇಗ. ದ್ರಾವಣದ ಹಳದಿ ಬಣ್ಣ ಮಾಸುತ್ತದೆ. ಆಮೇಲೆ ಸುಣ್ಣ ಹಾಕಿದರೆ ಹಸಿರು ಛಾಯೆಯ ಹೈಡ್ರಾಕ್ಸೈಡ್ ತಳಕ್ಕೆ ಕೂರುತ್ತದೆ. ತೆರವನ್ನು ತುಂಬಲು ಏನೂ ಸಿಗದಿದ್ದರೆ ಎಲೆಕ್ಟ್ರಾನ್ ಮರಳಿ ಅಲ್ಲಿಗೇ ಬಿದ್ದು ಶ್ರಮ ವ್ಯರ್ಥ. ಸಿಟ್ರಿಕ್ ಆಮ್ಲವೋ ಫೀನಾಲೋ ಇದ್ದರೆ ಆ ತೆರವು ಅವನ್ನು ಉತ್ಕರ್ಷಿಸುತ್ತದೆ. ಸಾವಯವ ಕೊಳೆ ಬೆರೆತ ತ್ಯಾಜ್ಯನೀರು ಇಲ್ಲಿ ವರವೇ ಸರಿ. ಆರ್ಸೆನಿಕ್‌ನದು ತಿರುಗುಮುರುಗು ದಾರಿ: ಆರ್ಸೆನಿಕ್-3 ಉತ್ಕರ್ಷಣಗೊಂಡು ಆರ್ಸೆನಿಕ್-5 ಆದರೆ ಕಬ್ಬಿಣದ ಹೈಡ್ರಾಕ್ಸೈಡ್ ಅದನ್ನು ಸುಲಭವಾಗಿ ಹಿಡಿದಿಡುತ್ತದೆ. ಸತು, ನಿಕ್ಕಲ್‌ಗಳ ಮೇಲೆ ಈ ಎಲೆಕ್ಟ್ರಾನುಗಳ ಆಟ ಅಷ್ಟಾಗಿ ನಡೆಯದು.

ಕ್ರೋಮಿಯಂ-6ನ್ನು ಇಳಿಸುವ ಇದೇ ಕೆಲಸವನ್ನು ಅಗ್ಗದ ಫೆರಸ್ ಸಲ್ಫೇಟ್ ಕತ್ತಲಲ್ಲೂ ಮಾಡುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂದು ಕ್ರೋಮಿಯಂ ಪರಮಾಣುವಿಗೆ ಕಬ್ಬಿಣದ ಮೂರು ಪರಮಾಣು ಬೇಕು. ಆ ಮೂರೂ ವಿಷಕೆಸರಿಗೆ ಸೇರಿ ಅದರ ಮೊತ್ತ ಹೆಚ್ಚಿಸುತ್ತವೆ. ವೇಗವರ್ಧಕದಲ್ಲಿ ಈ ಹೊರೆಯಿಲ್ಲ. ಬಿಸಿಲಿನಲ್ಲಿ ಅತಿನೇರಳೆಯ ಪಾಲು ಸುಮಾರು ಶೇ. 5 ಮಾತ್ರ ಎಂಬ ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಕಣ್ಣಿಗೆ ಕಾಣುವ ಬೆಳಕನ್ನೂ ಬಳಸುವ ಕಾರ್ಬನ್ ನೈಟ್ರೈಡ್‌ನಂಥವು ಬಂದಿದ್ದರೂ, ವೇಗವರ್ಧಕದ ಹುಡಿಯನ್ನು ನೀರಿನಿಂದ ಸೋಸಿ ಮರಳಿ ಪಡೆಯುವ ತೊಡಕು, ಮೇಲ್ಮೈಗೆ ಕ್ರೋಮಿಯಂ-3 ಅಂಟಿ ಕ್ರಿಯೆ ಕುಂದುವ ತೊಡಕು ಹಾಗೇ ಇವೆ. ಹೀಗಾಗಿ ಈ ವಿಧಾನಕ್ಕೆ ತಕ್ಕ ಜಾಗ ಕಾರ್ಖಾನೆಯ ಹೊರಹರಿವಿನ ತೊಟ್ಟಿ, ಮನೆಯ ನಲ್ಲಿಯಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಲೀಟರಿಗೆ 0.05 ಮಿಲಿಗ್ರಾಂ ಮಿತಿ ಹಾಕಿರುವುದು ಒಟ್ಟು ಕ್ರೋಮಿಯಂಗೆ. ರೂಪ ಬದಲಿಸಿದ ಲೋಹವನ್ನೂ ಸೋಸಿ ತೆಗೆಯಲೇಬೇಕು.