ಕೊಬ್ಬಿನ ಗಡ್ಡೆಗಳಲ್ಲಿ ವರ್ಣತಂತು ವ್ಯತ್ಯಯ

ಕೊಬ್ಬಿನ ಜೀವಕೋಶಗಳಿಂದ ಬೆಳೆಯುವ ಗಡ್ಡೆಗಳಲ್ಲಿ ವರ್ಣತಂತುಗಳು ಮುರಿದು, ಕೂಡಿ, ಹೆಚ್ಚಿ ಆಗುವ ಬದಲಾವಣೆಗಳು. ಸಾಮಾನ್ಯವಾಗಿ ಇವು ಹುಟ್ಟಿನಿಂದ ಬಂದವಲ್ಲ, ಗಡ್ಡೆಯ ಜೀವಕೋಶಗಳಿಗಷ್ಟೇ ಸೀಮಿತ.

ಬೆನ್ನು, ಭುಜ, ತೋಳುಗಳಲ್ಲಿ ಮೆತ್ತಗೆ ಕೈಗೆ ಸಿಗುವ ಕೊಬ್ಬಿನ ಗಂಟು, ಅಂದರೆ ಲಿಪೋಮಾ, ನಿರಪಾಯಕಾರಿ. ಆದರೂ ಇಂಥ ಎಷ್ಟೋ ಗಂಟುಗಳಲ್ಲಿ 12ನೇ ವರ್ಣತಂತುವಿನ ಉದ್ದತೋಳು ಮುರಿದು ಎಚ್‌ಎಂಜಿಎ2 ಜೀನು ಕದಲಿರುತ್ತದೆ. ಮುರಿದ ತುಂಡು ಹೆಚ್ಚಾಗಿ ಕೂಡಿಕೊಳ್ಳುವುದು 3ನೆಯದರ ಜೊತೆ. ಮಕ್ಕಳ ಲಿಪೋಬ್ಲಾಸ್ಟೋಮಾದಲ್ಲಿ 8, ಕಂದುಕೊಬ್ಬಿನ ಹೈಬರ್ನೋಮಾದಲ್ಲಿ 11ನೇ ವರ್ಣತಂತು ಬದಲಾಗುತ್ತದೆ. ಕದಿರುಕೋಶದ ಲಿಪೋಮಾದಲ್ಲಿ 13ನೆಯದರ ಒಂದು ಭಾಗವೇ ಕಳೆದುಹೋಗಿರುತ್ತದೆ. ವರ್ಣತಂತು ಕೆಟ್ಟ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ ಎನ್ನಲು ಇವಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎಲ್ಲಕ್ಕಿಂತ ವಿಚಿತ್ರವಾದದ್ದು ಉಂಗುರ ವರ್ಣತಂತು. ಲಿಪೋಮಾದಲ್ಲಿ ಮುರಿಯುವ ಅದೇ ಪ್ರದೇಶ, 12ರ ಉದ್ದತೋಳಿನ 13ರಿಂದ 15ನೇ ಪಟ್ಟೆಗಳು, ಇಲ್ಲಿ ಹತ್ತಾರು ಪ್ರತಿಗಳಾಗಿ ಬೆಳೆದು, ಬಳೆಯಂತೆ ಸುತ್ತಿಕೊಂಡಿರುತ್ತದೆ ಇಲ್ಲವೇ ಒಂದು ದೈತ್ಯ ದಂಡವಾಗಿರುತ್ತದೆ. ಉಂಗುರದ ಗಾತ್ರ, ಸಂಖ್ಯೆ ಕೋಶದಿಂದ ಕೋಶಕ್ಕೆ ಬೇರೆ. ಅನೇಕ ಉಂಗುರಗಳಲ್ಲಿ, ಕೋಶ ಒಡೆಯುವಾಗ ವರ್ಣತಂತುವಿಗೆ ಹಿಡಿಯಾಗುವ ಸೆಂಟ್ರೋಮಿಯರಿನ ಸಹಜ ಡಿಎನ್‌ಎ ಇರುವುದಿಲ್ಲ. ಆದರೂ ಕೋಶ ಒಡೆದಾಗ ಅವು ಉಳಿದುಕೊಳ್ಳುತ್ತವೆ. ಒಳಗೆ ತುಂಬಿರುವ ಎಂಡಿಎಂ2 ಜೀನು ಕೋಶದ ಕಾವಲುಗಾರ ಪಿ53 ಪ್ರೋಟೀನನ್ನು ಅಡಗಿಸುತ್ತದೆ, ಸಿಡಿಕೆ4 ವಿಭಜನೆಗೆ ದಾರಿ ಬಿಡುತ್ತದೆ. ಇಂಥ ಉಂಗುರಗಳಿರುವ ಗಡ್ಡೆಗೆ ಕೈಕಾಲುಗಳಲ್ಲಾದರೆ ಅಸಹಜ ಲಿಪೋಮಾ ಗಡ್ಡೆ ಎಂದೂ ಹೊಟ್ಟೆಯ ಹಿಂಬದಿಯಲ್ಲಾದರೆ ವೆಲ್-ಡಿಫರೆನ್ಶಿಯೇಟೆಡ್ ಲಿಪೋಸಾರ್ಕೋಮಾ ಎಂದೂ ಹೆಸರು. ಇದು ತಾನಾಗಿ ದೂರಕ್ಕೆ ಹರಡುವುದಿಲ್ಲ; ಮರುಕಳಿಸುತ್ತದೆ, ಕೆಲವೊಮ್ಮೆ ಉಗ್ರರೂಪಕ್ಕೆ ತಿರುಗುತ್ತದೆ. ಮಿಕ್ಸಾಯ್ಡ್ ಲಿಪೋಸಾರ್ಕೋಮಾದ ಗುರುತೇ ಬೇರೆ: 12 ಮತ್ತು 16ರ ತುಂಡುಗಳ ಅದಲುಬದಲು.

1980ರ ದಶಕದಲ್ಲಿ ಈ ಚಿತ್ರವನ್ನು ಬಿಡಿಸಿದವರಲ್ಲಿ ಸ್ವೀಡನ್ನಿನ ಲುಂಡ್ ನಗರದ ಮಂಡಾಲ್, ಹೈಮ್, ಮಿಟೆಲ್‌ಮನ್ ಪ್ರಮುಖರು. ಮನುಷ್ಯನ ವರ್ಣತಂತುಗಳು 46 ಎಂದು 1956ರಲ್ಲಿ ತ್ಜಿಯೊ ಮತ್ತು ಲೆವಾನ್ ಪ್ರಕಟಿಸಿದ ಕೆಲಸವೂ ಅಲ್ಲಿಯದೇ.

ಉಂಗುರವನ್ನು ಕಣ್ಣಾರೆ ನೋಡಲು ಜೀವಂತ ಕೋಶ ಬೇಕು. ಎಂಡಿಎಂ2 ಹೆಚ್ಚಳ ತೋರಿಸುವ ಫಿಶ್ ಪರೀಕ್ಷೆಗೆ ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಸಾಕು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಂಥ ಊರಿನವರಿಗೆ ಇದರಿಂದ ಉಪಕಾರವೇ ಆಗಿದೆ: ಹುಬ್ಬಳ್ಳಿಯಲ್ಲಿ ತೆಗೆದ ಗಡ್ಡೆಯ ಬ್ಲಾಕನ್ನು ಬೆಂಗಳೂರಿಗೂ ಕಳಿಸಬಹುದು. ಎಲ್ಲ ಗಂಟಿಗೂ ಈ ಪರೀಕ್ಷೆ ಬೇಡ. ಆಳದಲ್ಲಿರುವ, 5 ಸೆಂಟಿಮೀಟರಿಗಿಂತ ದೊಡ್ಡದಾದ ಅಥವಾ ತೆಗೆದ ಮೇಲೆ ಮತ್ತೆ ಬೆಳೆದ ಗಡ್ಡೆಯಾದರೆ ವೈದ್ಯರನ್ನು ಕೇಳಿ; ಬ್ಲಾಕ್ ಮತ್ತು ವರದಿಯನ್ನು ಮನೆಯಲ್ಲಿ ಜೋಪಾನವಾಗಿಡಿ.