ಶ್ರಾವಕ: ಕೇಳುವವನ ಚರಿತ್ರೆ

ಭಗವಾನ್ ಮಹಾವೀರ ಸ್ವಾಮಿಗೆ ಕೇವಲಜ್ಞಾನವು ಪ್ರಾಪ್ತವಾದ ತರುವಾಯ 66 ದಿನಗಳವರೆಗೆ ದಿವ್ಯಧ್ವನಿಯು ಹೊರಡಲಿಲ್ಲವೆಂದು ದಿಗಂಬರ ಪರಂಪರೆ ಹೇಳುತ್ತದೆ. ಸಮವಸರಣ ಸಿದ್ಧವಾಗಿತ್ತು, ಸಭೆಯೂ ನೆರೆದಿತ್ತು. ಉಪದೇಶವನ್ನು ಗ್ರಹಿಸಿ, ಸಂಶಯಗಳನ್ನು ಕೇಳಿ ಪರಿಹರಿಸಿಕೊಂಡು, ಮುಂದಿನವರಿಗೆ ಕುಂದಿಲ್ಲದೆ ದಾಟಿಸಬಲ್ಲ ಗಣಧರರೊಬ್ಬರು ಮಾತ್ರ ಇರಲಿಲ್ಲ. ವೇದವಿದ್ವಾಂಸರಾಗಿದ್ದ ಇಂದ್ರಭೂತಿ ಗೌತಮರು ಬಂದು ಶಿಷ್ಯರಾದ ಮೇಲೆಯೇ ರಾಜಗೃಹದ ವಿಪುಲಾಚಲದಲ್ಲಿ ಮೊದಲ ದೇಶನೆ ನಡೆಯಿತು. ಸಭೆಯು ಮಾತುಗಾರನಿಗಾಗಿ ಕಾಯುವುದು ಲೋಕರೂಢಿ. ಇಲ್ಲಿ ಮಾತೇ ಕೇಳುಗನಿಗಾಗಿ ಕಾದಿತು.

ಗೃಹಸ್ಥ ಜೈನನಿಗೆ ಶ್ರಾವಕನೆಂದು ಹೆಸರು. ಶ್ರವಣ ಮಾಡುವವನು, ಕೇಳುವವನು ಎಂಬುದೇ ಆ ಶಬ್ದದ ಅರ್ಥ. ಆಗಮಜ್ಞಾನಕ್ಕೆ ಶ್ರುತವೆಂದು ಹೆಸರು, ಅದೂ ಕೇಳಿದ್ದೇ. ಆದರೆ ಕೇಳುವುದೆಂದರೆ ತಲೆಬಾಗಿ ಒಪ್ಪುವುದೆಂಬ ಭಾವನೆ ಇಂದು ಬೇರೂರಿದೆ. ‘ಮಗ ಹೇಳಿದ ಮಾತು ಕೇಳುವುದಿಲ್ಲ’ ಎನ್ನುವಾಗ ತಂದೆಯ ಇಂಗಿತವೂ ಅದೇ. ಶ್ರುತಪರಂಪರೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಶ್ರುತಜ್ಞಾನವು ಕ್ಷೀಣಿಸುತ್ತಿದ್ದ ಕಾಲದಲ್ಲಿ ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆ ಅದು ಅಳಿಯಬಾರದೆಂದು ದಕ್ಷಿಣದ ಮುನಿಸಂಘಕ್ಕೆ ಪತ್ರ ಕಳುಹಿಸಿದರು. ಬಂದ ಇಬ್ಬರು ಮುನಿಗಳಿಗೆ ಅವರು ಮೊದಲೇ ಪಾಠ ಹೇಳಲಿಲ್ಲ. ಒಂದೊಂದು ಮಂತ್ರವನ್ನು ಕೊಟ್ಟು ಸಾಧಿಸಲು ಹೇಳಿದರು. ಒಂದರಲ್ಲಿ ಅಕ್ಷರವೊಂದು ಹೆಚ್ಚಿತ್ತು, ಮತ್ತೊಂದರಲ್ಲಿ ಕಡಿಮೆ ಇತ್ತು. ಸಾಧನೆಯಲ್ಲಿ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಮುಂಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ಇಂತಹ ವಿಕಾರ ಸಹಜವಲ್ಲವೆಂದು ವಿಚಾರ ಮಾಡಿದ ಮುನಿಗಳು ಮಂತ್ರದ ದೋಷವನ್ನು ಕಂಡುಹಿಡಿದು ತಿದ್ದಿಕೊಂಡರು. ನಡೆದುದನ್ನು ಗುರುವಿಗೆ ನಿವೇದಿಸಿದರು. ಗುರುವಾಕ್ಯವೆಂದು ದೋಷವನ್ನೂ ಪಾಲಿಸಿದ್ದರೆ ಅವರು ವಿನಯವಂತರೆನಿಸಿಕೊಳ್ಳುತ್ತಿದ್ದರು, ಶ್ರುತಕ್ಕೆ ಅರ್ಹರಾಗುತ್ತಿರಲಿಲ್ಲ. ಧರಸೇನರು ಪಾಠವನ್ನು ಆರಂಭಿಸಿದ್ದು ಆ ಬಳಿಕ.

ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಪುಷ್ಪದಂತರು ಜಿನಪಾಲಿತರೊಡನೆ ವನವಾಸ ದೇಶಕ್ಕೆ, ಅಂದರೆ ಬನವಾಸಿಯ ಸೀಮೆಗೆ ಬಂದು 177 ಸೂತ್ರಗಳನ್ನು ರಚಿಸಿದರು. ಅವನ್ನು ಜಿನಪಾಲಿತರಿಗೆ ಕಲಿಸಿ, ದ್ರಮಿಳ ದೇಶದಲ್ಲಿದ್ದ ಭೂತಬಲಿಗಳ ಬಳಿಗೆ ಕಳುಹಿಸಿದರು. ಸಹಾಧ್ಯಾಯಿಯ ಆಯುಷ್ಯ ಅಲ್ಪವೆಂದು ಅರಿತ ಭೂತಬಲಿಗಳು ಉಳಿದುದನ್ನು ಪೂರೈಸಿದರು. ಷಟ್ಖಂಡಾಗಮವು ಹೀಗೆ ರೂಪುಗೊಂಡಿತು. ಅದರ ಸ್ಮರಣೆಯೇ ಶ್ರುತಪಂಚಮಿ. ನಡುವೆ ನಿಂತ ಜಿನಪಾಲಿತರ ಕಿವಿಯೊಂದು ತಪ್ಪಿದ್ದರೆ ಏನಾಗುತ್ತಿತ್ತೆಂಬುದು ಯೋಚಿಸತಕ್ಕ ವಿಷಯ.

ಬನವಾಸಿಯಿಂದ ಘಟ್ಟವಿಳಿದು ನೈಋತ್ಯಕ್ಕೆ ಬಂದರೆ ಭಟ್ಕಳ, ಬೈಂದೂರು, ಉಪ್ಪುಂದಗಳ ಕಡಲತಡಿ. ಭಟ್ಕಳದ ಒಳನಾಡಿನಲ್ಲಿರುವ ಹಾಡುವಳ್ಳಿಯು ಹಿಂದೆ ಸಂಗೀತಪುರವೆನಿಸಿದ್ದ ಜೈನಕೇಂದ್ರ. ಅಲ್ಲಿಯ ಮಠದ ಅಕಲಂಕದೇವರ ಶಿಷ್ಯ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. ಒಂದು ಭಾಷೆಯ ನಡೆಯನ್ನು 592 ಸೂತ್ರಗಳಲ್ಲಿ ಹಿಡಿಯಬೇಕಾದರೆ ಎಷ್ಟು ಕಾಲ ಕಿವಿಗೊಟ್ಟಿರಬೇಕು!

ಉಪ್ಪುಂದದ ಆಸುಪಾಸಿನಲ್ಲಿ ಈ ವಿದ್ಯೆಯ ಇನ್ನೊಂದು ರೂಪವು ತಾಳಮದ್ದಳೆಯಲ್ಲಿ ಉಳಿದಿದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ನಿಶ್ಚಿತ, ಅರ್ಥಧಾರಿಯ ಮಾತು ಮಾತ್ರ ಆಶು. ಎದುರಾಳಿಯು ಯಾವ ಯುಕ್ತಿಯನ್ನು ಮುಂದಿಡುವನೆಂದು ಯಾರಿಗೂ ಮೊದಲೇ ತಿಳಿಯದು. ಅದನ್ನು ಪೂರ್ತಿಯಾಗಿ ಕೇಳಿ, ಅವನ ಮಾತನ್ನೇ ಎತ್ತಿಕೊಂಡು, ಅವನು ಒಪ್ಪುವಂತೆ ಅನುವಾದಿಸಿ, ಆ ಮೇಲೆ ಉತ್ತರಿಸಬೇಕು. ಮನೆಯಲ್ಲಿ ಕಟ್ಟಿಕೊಂಡು ಬಂದುದನ್ನೇ ಒಪ್ಪಿಸುವವನನ್ನು ಹಳ್ಳಿಯ ಪ್ರೇಕ್ಷಕರು ಗಳಿಗೆಯಲ್ಲಿ ಗುರುತಿಸುತ್ತಾರೆ. ಟ್ರಸ್ಟಿನ ಸಭೆಗಳಲ್ಲಿ ಅಂತಹವರಿಗೆ ಕೊರತೆಯಿಲ್ಲ. ಅಲ್ಲಿ ಗುರುತಿಸುವವರು ವಿರಳ.

ಈ ಅಭ್ಯಾಸಕ್ಕೆ ಬೇಕಾದ ಕ್ರಮವು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿಯೇ ಇದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕಣ್ಣಿನ ಉದಾಹರಣೆ ಕೊಡುತ್ತಾರೆ. ಬಿಳಿಯದೇನೋ ಕಂಡಿತು, ಅದು ಬೆಳ್ಳಕ್ಕಿಯೋ ಬಾವುಟವೋ ಎಂಬ ಜಿಜ್ಞಾಸೆ, ಏಳುವುದು, ಇಳಿಯುವುದು, ರೆಕ್ಕೆ ಬಡಿಯುವುದನ್ನು ಕಂಡು ಬೆಳ್ಳಕ್ಕಿಯೆಂಬ ನಿಶ್ಚಯ, ಬಳಿಕ ಅದನ್ನು ಮರೆಯದಿರುವುದು. ಕಿವಿಗೂ ಇದೇ ಕ್ರಮ ಸಲ್ಲುತ್ತದೆ. ಸೊಸೆಯು ‘ಈ ಸಲ ಹಬ್ಬಕ್ಕೆ ತವರಿಗೆ ಹೋಗುವುದಿಲ್ಲ’ ಎಂದಳೆನ್ನಿ. ಶಬ್ದ ಕಿವಿಗೆ ಬಿದ್ದುದು ಅವಗ್ರಹ. ಆಯಾಸವೋ, ಮುನಿಸೋ, ಕೈಯಲ್ಲಿ ಹಣವಿಲ್ಲದ ಸಂಕೋಚವೋ? ಈಹೆಯೆಂದರೆ ಇದನ್ನು ಅವಳನ್ನೇ ಮೆಲ್ಲಗೆ ಕೇಳುವುದು. ಬಹುಪಾಲು ಮನೆಗಳ ಕಲಹ ಹುಟ್ಟುವುದು ಈಹೆಯನ್ನು ಹಾರಿ ನೇರವಾಗಿ ನಿಶ್ಚಯಕ್ಕೆ ಬರುವುದರಿಂದ. ಅಂಗಡಿಯಲ್ಲಿ ಗುಮಾಸ್ತನು ‘ಲೆಕ್ಕ ಸರಿಹೋಗುತ್ತಿಲ್ಲ’ ಎಂದಾಗ ಯಜಮಾನನಿಗೆ ಮೊದಲು ಕೇಳಿಸುವುದು ಕಳ್ಳತನ. ಅವನು ಹೇಳಹೊರಟದ್ದು ಮಾತ್ರ ಬೀಜಕವೊಂದು ಎರಡು ಸಲ ಬರೆಯಲ್ಪಟ್ಟ ಸಂಗತಿ ಇರಬಹುದು.

ಸ್ವಾಧ್ಯಾಯದ ಐದು ಭೇದಗಳಲ್ಲಿ ಓದಿನ ಮರುಸ್ಥಾನವೇ ಪೃಚ್ಛನಾ, ಎಂದರೆ ಪ್ರಶ್ನಿಸುವುದು. ಬಸದಿಯ ಪ್ರವಚನಗಳಲ್ಲಿ ಪ್ರಶ್ನೆಗೆ ಅವಕಾಶವೆಷ್ಟೆಂಬುದನ್ನು ವಿಶ್ವಸ್ಥ ಮಂಡಳಿಗಳು ನೋಡಿಕೊಳ್ಳಬೇಕು. ಗಂಟೆಗಟ್ಟಲೆ ಮೌನವಾಗಿ ಕುಳಿತೆದ್ದವರ ಸಂಖ್ಯೆಯನ್ನು ವರದಿಯಲ್ಲಿ ಕಾಣಿಸುವುದು ಸುಲಭ.

ಅದೇ ಷಟ್ಖಂಡಾಗಮ ಮತ್ತು ವೀರಸೇನಾಚಾರ್ಯರ ಧವಲಾ ಟೀಕೆಯ ತಾಡೋಲೆಗಳು ಹಳೆಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಜೋಪಾನವಾಗಿದ್ದವು. ಯಾತ್ರಿಕರು ಬಂದು ಅವುಗಳ ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ, ದೂರದ ಅಮರಾವತಿಯಿಂದ.